ಹದಿನೇಳನೆಯ ಕಾಳು

ಮಹಾನಂದಾ ಆ ದಿನ ಡೈರಿಯಲ್ಲಿ ಬರೆದದ್ದು ಮೂರೇ ಮೂರು ಸಾಲು.

‘ಕಾಳು ಇನ್ನೂ ನನ್ನ ಹತ್ತಿರವೇ ಇದೆ. ಇವತ್ತಿಗೆ ಒಂಬತ್ತು ದಿನವಾಯಿತು. ಯಾರಿಗೂ ಹೇಳಿಲ್ಲ.’

ಬರೆದವಳೇ ಹಾಳೆಯ ಮೇಲೆ ಅಂಗೈ ಮುಚ್ಚಿದಳು. ದೊಡವಾಡದಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸು ಕುಲುಕುತ್ತಿತ್ತು. ಪಕ್ಕದಲ್ಲಿ ಮೆಂತೆ ಸೊಪ್ಪಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ಬಗ್ಗಿ ನೋಡಿದಳು.

“ಏನ್ ಬರಿಯಾಕತ್ತೀ ತಂಗಿ? ಪರೀಕ್ಷಾ ಐತೇನ?”

“ಹೂಂ,” ಎಂದಳು ಮಹಾನಂದಾ.

ಪರೀಕ್ಷೆಗಳೆಲ್ಲ ಮುಗಿದು ಎರಡು ವರ್ಷವಾಗಿತ್ತು. ಇತಿಹಾಸದಲ್ಲಿ ಎಂ.ಎ., ಮೊದಲ ದರ್ಜೆ. ಆದರೆ ಗುರುತಿಲ್ಲದವರಿಗೆ ನಿಜ ಹೇಳಬೇಕೆಂದರೆ ನಾಲ್ಕು ಮಾತು ಬೇಕು, ಸುಳ್ಳಿಗಾದರೆ ಒಂದು ‘ಹೂಂ’ ಸಾಕು. ಅವಳು ಇಲ್ಲಿಯವರೆಗೆ ಹೇಳಿದ ಸುಳ್ಳುಗಳೆಲ್ಲ ಹೀಗೆ ಸಂಕೋಚದ ಹೊಟ್ಟೆಯಲ್ಲಿ ಹುಟ್ಟಿದವೇ.

ಡೈರಿಯ ಹಿಂಬದಿಯ ರಟ್ಟಿನ ಜೇಬಿನಲ್ಲಿ, ಬಸ್ ಟಿಕೀಟಿನಲ್ಲಿ ಸುತ್ತಿಟ್ಟ ಒಂದು ಹತ್ತಿಕಾಳು ಇತ್ತು. ಐವತ್ತೇಳು ವರ್ಷ ಹಳೆಯದು. ಅದು ಇದ್ದ ಪೆಟ್ಟಿಗೆ ಕಳೆದ ಗುರುವಾರ ಜಾದು ಮನೆಯಿಂದ ಕಾಣೆಯಾಗಿತ್ತು. ನಿನ್ನೆ ಆ ಪೆಟ್ಟಿಗೆಯ ಅರಗಿನ ಚೂರು ಕಾವಲುಗಾರ ಬೀರಪ್ಪನ ತಂಬಾಕಿನ ಸಂಚಿಯಲ್ಲಿ ಸಿಕ್ಕಿತ್ತು. ಇವತ್ತು ನಾಲ್ಕು ಗಂಟೆಗೆ ತೀರ್ಮಾನ.

ಹೆಂಗಸು ಇಳಿಯುವಾಗ ಅವಳ ತಲೆ ಸವರಿ, “ಭೇಷ್ ಬರಿ, ಪಾಸಾಗ್ತಿ,” ಎಂದು ಹೇಳಿ ಹೋದಳು.

*

ಬೈಲಹೊಂಗಲದ ಪೇಟೆಯಲ್ಲಿ ‘ಜಾದು ಮನಿ ಎಲ್ಲಿ’ ಎಂದರೆ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ಒಳಗೆ ಏನಿದೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಅದರ ನಿಜವಾದ ಹೆಸರಿದೆ: ಸಮಬಂಧು ಮಂಡಳಿ, ೧೯೩೪. ಹತ್ತಿ ವ್ಯಾಪಾರಿಗಳು, ವಕೀಲರು, ಸಾಲಿ ಮಾಸ್ತರರು ಸೇರಿ ಕಟ್ಟಿಕೊಂಡ ಬಳಗ. ಹೊಸ್ತಿಲು ದಾಟಿದ ಮೇಲೆ ಸಾಹುಕಾರ, ಬಡವ ಎನ್ನುವಂತಿಲ್ಲ, ಎಲ್ಲರೂ ಅಣ್ಣತಮ್ಮಂದಿರು ಎನ್ನುವುದು ಅವರ ಪ್ರತಿಜ್ಞೆ. ಆ ಪ್ರತಿಜ್ಞೆಯನ್ನು ಅವರು ಗುಟ್ಟಾಗಿ ಮಾಡುತ್ತಿದ್ದುದರಿಂದ ಊರಿನವರು ತಮಗೆ ತೋಚಿದ್ದನ್ನು ಹೇಳಿಕೊಂಡರು.

ಬೀದಿಯ ಕಡೆಗೆ ಒಂದೂ ಕಿಟಕಿಯಿಲ್ಲ. ಬೆಳಕು ಬರುವುದು ಸೂರಿನ ಕೆಳಗಿನ ದುಂಡು ಗವಾಕ್ಷಿಗಳಿಂದ. ರಾಮದುರ್ಗದ ಕಡೆಯ ಕೆಂಪು ಕಲ್ಲಿನ ಗೋಡೆ, ಮೊಳಕ್ಕಿಂತ ದಪ್ಪ. ಬಾಗಿಲ ಎದುರು ಎರಡು ಆಳೆತ್ತರದ ಜೋಡಿ ಕಂಬಗಳು. ಮೊದಲ ದಿನ ಮಹಾನಂದಾ ಅವುಗಳ ಮೇಲಿನ ಚಾವಣಿ ಬಿದ್ದುಹೋಗಿರಬೇಕೆಂದುಕೊಂಡಳು. ಆಮೇಲೆ ನಕ್ಷೆ ನೋಡಿದಾಗ ಚಾವಣಿ ಎಂದೂ ಇರಲಿಲ್ಲವೆಂದು ತಿಳಿಯಿತು. ಅವತ್ತು ಡೈರಿಯಲ್ಲಿ ಬರೆದಿದ್ದಳು: ‘ಈ ಕಂಬಗಳು ಏನನ್ನೂ ಹೊತ್ತಿಲ್ಲ. ಸುಮ್ಮನೆ ನಿಂತಿವೆ. ನನ್ನ ಹಾಗೆ.’

ಒಳಗೆ ಕರಿ ಬಿಳಿ ಫರ್ಸಿ ಹಾಸಿದ ಚೌಕದ ನೆಲ. ತಲೆಯ ಮೇಲೆ ನೀಲಿ ಬಳಿದು ಸುಣ್ಣದಲ್ಲಿ ಚುಕ್ಕಿ ಬರೆದ ಚಾವಣಿ. ಒಂದು ತುದಿಗೆ ಮೂರು ಮೆಟ್ಟಿಲು, ಅದರ ಮೇಲೆ ಅಧ್ಯಕ್ಷರ ಕುರ್ಚಿ. ಮುಂದಿನ ತಿಂಗಳು ಇದೆಲ್ಲ ಊರಿನ ವಾಚನಾಲಯವಾಗಲಿತ್ತು. ಅಷ್ಟರೊಳಗೆ ಕಟ್ಟಡದ ಚರಿತ್ರೆ ಬರೆದುಕೊಡುವ ಕೆಲಸ ಅವಳದು. ಗೋಡೆಗಳು ಅವಳನ್ನು ತಿರುಗಿ ಏನೂ ಕೇಳುತ್ತಿರಲಿಲ್ಲ. ಇಷ್ಟು ಒಗ್ಗಿದ ಕೆಲಸ ಅವಳಿಗೆ ಈ ಮೊದಲು ಸಿಕ್ಕಿರಲಿಲ್ಲ.

ಮಂಡಳಿಯ ಪದ್ಧತಿಗಳಲ್ಲಿ ಅವಳಿಗೆ ತುಂಬ ಹಿಡಿಸಿದ್ದು ಹೊಸ ಸದಸ್ಯರನ್ನು ಸೇರಿಸಿಕೊಳ್ಳಲು ಮತ ಹಾಕುವ ರೀತಿ. ಹತ್ತಿಯ ಊರು, ಮತವೂ ಹತ್ತಿಯದೇ. ಪರದೆಯ ಹಿಂದೆ ಎರಡು ಬಟ್ಟಲು. ಒಂದರಲ್ಲಿ ಅರಳೆ ಅಂಟಿಕೊಂಡೇ ಇರುವ ಬಿಳಿ ಕಾಳು, ಗಿಡದಿಂದ ಬಿಡಿಸಿ ತಂದಂತೆ. ಇನ್ನೊಂದರಲ್ಲಿ ಗಿರಣಿಯಲ್ಲಿ ಅರಳೆ ತೆಗೆದ ಬೋಳು ಕಾಳು. ಅರಳೆ ಇದ್ದದ್ದು ಒಪ್ಪಿಗೆ, ಬೋಳು ನಿರಾಕರಣೆ. ಒಬ್ಬೊಬ್ಬರು ಒಂದೊಂದು ಕಾಳನ್ನು ಮುಷ್ಟಿಯಲ್ಲಿ ಮುಚ್ಚಿ ತಂದು ಸಾಲಾಗಿ ಕೂರಬೇಕು. ಎಲ್ಲರೂ ಕೂತ ಮೇಲೆ ಹಿರಿಯರಿಂದ ಕಿರಿಯರತ್ತ ಪೆಟ್ಟಿಗೆ ಸಾಗುತ್ತದೆ. ಒಂದೇ ಒಂದು ಬೋಳು ಕಾಳು ಬಿದ್ದರೂ ಬಂದವನಿಗೆ ಬಾಗಿಲು ಮುಚ್ಚಿತು. ಹಾಗೆ ಮುಚ್ಚಿದಾಗ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿ ಗೋಡೆಯ ಗೂಡಿನಲ್ಲಿಡಬೇಕು. ಯಾರ ಕಾಳು ಎಂದು ಯಾರೂ ಹುಡುಕಬಾರದು.

ತೊಂಬತ್ತು ವರ್ಷಗಳಲ್ಲಿ ಹಾಗೆ ಮುದ್ರೆ ಬಿದ್ದದ್ದು ಒಂದೇ ಪೆಟ್ಟಿಗೆಗೆ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ. ಅವತ್ತು ಬಾಗಿಲು ಮುಚ್ಚಿಸಿಕೊಂಡವನ ಹೆಸರು ಲಕ್ಷ್ಮಣ ಗೌಂಡಿ, ಸಂಗೊಳ್ಳಿಯ ಕುರುಬರ ಮನೆಯವನು.

ಆ ಬಾಗಿಲನ್ನು ನಿಲ್ಲಿಸಿದವನೇ ಅವನು. ಬಾಗಿಲನ್ನು, ಗೋಡೆಗಳನ್ನು, ಏನನ್ನೂ ಹೊರದ ಆ ಎರಡು ಕಂಬಗಳನ್ನು. ಬೀರಪ್ಪನ ಅಪ್ಪ.

ಒಂಬತ್ತು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ, ಚಿತ್ರ ಬರೆದುಕೊಳ್ಳಲೆಂದು ಮಹಾನಂದಾ ಆ ಪೆಟ್ಟಿಗೆಯನ್ನು ಗೂಡಿನಿಂದ ಇಳಿಸಿದಳು. ಬೆಲ್ಲದ ಅಚ್ಚಿನಷ್ಟೇ ಗಾತ್ರ. ಕೈ ಬೆವೆತಿತ್ತು, ಜಾರಿತು.

ಅರಗು ಪಟ್ಟೆಂದು ಒಡೆಯಿತು. ಕಾಳುಗಳು ಫರ್ಸಿಯ ಮೇಲೆ ಚೆಲ್ಲಿದವು. ಹದಿನಾರು ಬಿಳಿಯವನ್ನು ಆರಿಸಿ ಒಳಗೆ ಹಾಕಿ ಪೆಟ್ಟಿಗೆಯನ್ನು ಗೂಡಿಗೆ ಸೇರಿಸಿದಳು. ಅರಳೆಯಿಲ್ಲದ ಹದಿನೇಳನೆಯದು, ತೊಳೆದ ನೀರು ಹರಿಯಲೆಂದು ಗೌಂಡಿ ನೆಲಕ್ಕೆ ಕೊಟ್ಟಿದ್ದ ಸಣ್ಣ ಇಳಿಜಾರು ಹಿಡಿದು ಹಿಂಬಾಗಿಲವರೆಗೆ ಉರುಳಿಹೋಗಿತ್ತು. ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ಕಾರ್ಯದರ್ಶಿ ಮಾಂತೇಶ ಸಾಹೇಬರ ಬೂಟಿನ ಸಪ್ಪಳ ಕೇಳಿತು. ಕಾಳು ಡೈರಿ ಸೇರಿತು. ನಾಳೆ ಹೇಳೋಣ ಎಂದುಕೊಂಡಳು. ಬುಧವಾರ ಹೇಳಲಾಗಲಿಲ್ಲ. ಗುರುವಾರ ಗೂಡು ಖಾಲಿಯಾಗಿತ್ತು.

*

ಅವಳು ಹಿತ್ತಲಿಗೆ ಬಂದಾಗ ಮೂರು ಗಂಟೆ. ಬೇವಿನ ಗಿಡದ ಕೆಳಗೆ ಕಾವಲುಗಾರನ ಒಂಟಿ ಕೋಣೆ. ಬಾಗಿಲಲ್ಲಿ ಕಟ್ಟಿಟ್ಟ ಹಾಸಿಗೆಯ ಸುರುಳಿ, ಒಂದು ಟ್ರಂಕು. ಕಟ್ಟೆಯ ಮೇಲೆ ಬೀರಪ್ಪನ ಹೆಂಡತಿ ರಾಯವ್ವ ತಾಟಿನಲ್ಲಿ ಹತ್ತಿ ಸುರುವಿಕೊಂಡು ದೀಪದ ಬತ್ತಿ ಹೊಸೆಯುತ್ತಿದ್ದಳು.

“ಬಾ ಯವ್ವಾ. ಸಂಸಾರಾ ಗಂಟ ಕಟ್ಟೇತಿ, ಚಾದ ಬೋಗಾಣಿ ಇನ್ನಾ ಹೊರಗ ಐತಿ. ಕುಂದುರು.”

“ಈಗ ಬತ್ತಿ ಯಾಕ್ರಿ ಅಜ್ಜಿ?”

“ಬೀರದೇವರ ಗುಡಿಗೆ ವಾರಕ್ಕೊಮ್ಮಿ ನಾನ ಕೊಡೂದು. ಮನಿ ಬಿಡ್ರಿ ಅಂದ್ರ ಬಿಡೂಣು. ದೇವ್ರಿಗೆ ಕತ್ತಲಾಗ ಕುಂದರು ಅನ್ನಾಕ ಬರತೈತೇನ?”

ಬೀರಪ್ಪ ಬೀಗದ ಕೈಯನ್ನು ಬೂದಿ ಹಚ್ಚಿ ಉಜ್ಜುತ್ತ ಕೂತಿದ್ದ. ಎಪ್ಪತ್ತೆರಡರ ಮುದುಕ. ಸಂಜೆ ಒಪ್ಪಿಸಿ ಹೋಗಬೇಕಾದ ಬೀಗದ ಕೈ ಅದು. ಒಪ್ಪಿಸುವಾಗ ಹೊಳೆಯಬೇಕು ಎನ್ನುವ ಹಾಗೆ ಉಜ್ಜುತ್ತಿದ್ದ.

“ಕೇಳ ಇವನ್ನ,” ಎಂದಳು ರಾಯವ್ವ ಗಂಡನ ಕಡೆ ಗದ್ದ ಎತ್ತಿ. “ನಿನ್ನೆಯಿಂದ ಬಡಕೊಂಡು ಸಾಕಾತು. ಸಂಚ್ಯಾಗ ಅರಗ ಹೆಂಗ ಬಂತೋ ಅಂದ್ರ, ತಂಬಾಕದ ಜೋಡಿ ಹುಟ್ಟೇತಿ ಅಂತಾನ.”

“ಸಂಚ್ಯಾಗ ಅಡಕಿ ಐತಿ, ಸುಣ್ಣಾ ಐತಿ, ಅರಗೂ ಇರಲೇಳ,” ಎಂದ ಬೀರಪ್ಪ.

“ನೋಡಿದೇನ? ಊರು ಕಳ್ಳ ಅನ್ನಾಕತ್ತೈತಿ, ಇಂವಗ ನಗಿ ಚಾಷ್ಟಿ ಹತ್ತೇತಿ.” ಅವಳು ಬೋಗಾಣಿ ಹಿಡಿದು ಒಳಗೆ ಹೋದಳು. ಒಳಗೆ ಹೋದವಳು ಮೂಗು ಸೀನಿಕೊಂಡದ್ದು ಹೊರಗೆ ಕೇಳಿಸಿತು.

ಮಹಾನಂದಾ ಡೈರಿಯನ್ನು ಎದೆಗೆ ಒತ್ತಿಕೊಂಡಳು. ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡ ಮಾತು ಬಾಯಿಗೆ ಬರುವಾಗ ಚೂರಾಗಿತ್ತು.

“ಅಜ್ಜಾ… ಆ ಅರಗು…”

ಬೀರಪ್ಪ ತಲೆ ಎತ್ತಲಿಲ್ಲ. “ಮಂಗಳವಾರ ನೀ ಹೋದ ಮ್ಯಾಲ ಕಸಾ ಹೊಡದ್ನಿ. ಕೆಂಪನ್ವು ಚೂರ ಬಿದ್ದಿದ್ವು. ಸಾಹೇಬ್ರು ಬಾಗಲದಾಗ ಅದಾರಂತ ಸಂಚ್ಯಾಗ ಹಾಕ್ಕೊಂಡ್ನಿ. ಆಮ್ಯಾಲ ಮರತ್ನಿ.”

“ಯಾರ ಕೈಯಾಗಿಂದ ಬಿದ್ದಿದ್ದು ಅಂತ ನಿಮಗ ಗೊತ್ತಿತ್ತೇನ್ರಿ?”

“ಕಸಬರಗಿ ಏನ್ ಕೇಳತೈತೇನ, ಯಾರ ಚೆಲ್ಲಿದ್ರು ಅಂತ?”

“ಹೇಳಿಬಿಡ್ರಿ ಅಜ್ಜಾ. ಹೇಳಿದ್ರ ನಿಮ್ಮ ಮ್ಯಾಲ ಬರೂದಿಲ್ಲ.”

ಅವನು ಬೀಗದ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. “ನಿನ್ನ ಪುಸ್ತಕ ಅರ್ಧಾ ಆಗೇತಿ. ಅದ ನಿಲ್ಲಬಾರ್ದು. ಮದಲನೇ ಹಾಳ್ಯಾಗ ನಮ್ಮಪ್ಪನ ಹೆಸರ ಬರದೇನಿ ಅಂತ ಓದಿ ತೋರಿಸಿದೆಲ್ಲಾ?” ಅವನ ದನಿ ಸಣ್ಣದಾಯಿತು. “ಈ ಮನಿ ಯಾರ ಕಟ್ಟಿದ್ರು ಅಂತ ಇಷ್ಟ ವರ್ಷದಾಗ ಒಬ್ರೂ ಬರದಿರಲಿಲ್ಲವ್ವಾ.”

ಅವಳ ಕಣ್ಣು ಮಂಜಾಯಿತು. ಬೀರಪ್ಪ ಬೇರೆಲ್ಲೋ ನೋಡುತ್ತ ಹೇಳುತ್ತ ಹೋದ.

“ಆವಾಗ ನನಗ ಹದಿನೈದ ವರ್ಷ. ಅಪ್ಪ ಹೊಸಾ ರುಮಾಲ ಸುತ್ತಿದ್ದ. ಇಬ್ರೂ ಆ ಕಂಬದ ನಡು ನಿಂತಿದ್ವಿ. ಒಳಗಿಂದ ಒಬ್ರು ಬಂದು ಕಂದೀಲ ಸಣ್ಣ ಮಾಡಿದ್ರು. ಹಂಗ ಮಾಡಿದ್ರ ಇಲ್ಲ ಅಂತ ಅರ್ಥ. ಅಪ್ಪ ತಿರುಗಿ ಮನಿಗೆ ನಡದ. ಮುಂದ ಸೋರಿದಾಗ ಬಂದ, ಗೋಡಿ ಬಿರಕ ಬಿಟ್ಟಾಗ ಬಂದ, ಎಲ್ಲಾ ಮಾಡಿಕೊಟ್ಟ. ಆದ್ರ ಹಿತ್ತಲ ಬಾಗಲದಿಂದ. ನಾನೂ ಹಂಗ.”

ನಲವತ್ತು ವರ್ಷದ ಕಾವಲಿನಲ್ಲಿ ಅವನು ಮುಂಬಾಗಿಲ ಕಂಬಗಳ ನಡುವೆ ಒಮ್ಮೆಯೂ ಹಾದುಹೋಗಿರಲಿಲ್ಲ. ಅಲ್ಲಿಯವರೆಗೆ ಗುಡಿಸಿ, ಹೊಸ್ತಿಲು ಒರೆಸಿ, ಕಟ್ಟಡವನ್ನು ಸುತ್ತಿ ಹಿಂದಿನಿಂದ ಒಳಗೆ ಹೋಗುತ್ತಿದ್ದ. ಮಹಾನಂದಾ ಅದನ್ನು ಅವನ ಚಟವೆಂದುಕೊಂಡಿದ್ದಳು.

“ಒಬ್ರಿಗ್ಯಾರಿಗೋ ಅಪ್ಪ ಬ್ಯಾಡಾಗಿದ್ದ,” ಎಂದು ಬೀರಪ್ಪ ಎದ್ದ. “ಹದಿನೇಳ ಮಂದ್ಯಾಗ ಒಬ್ರಿಗೆ. ಅಂವ ಯಾರೋ ಏನೋ, ಶಿವನ ಪಾದಾ ಸೇರಿರ್ತಾನ. ಬಾಗಲಾ ತಗೀತೇನಿ, ಮಂದಿ ಬರೂ ಹೊತ್ತಾತು.”

*

ರಾಯವ್ವ ಚಹಾ ತಂದಿಟ್ಟು ಮತ್ತೆ ಹತ್ತಿಗೆ ಕೈ ಹಾಕಿದಳು. ಎಡಗೈಯಲ್ಲಿ ಕಾಳು ಹಿಡಿದು ಬಲಗೈಯಲ್ಲಿ ಅರಳೆ ಎಳೆಯುವುದು, ಕಾಳನ್ನು ತಾಟಿನ ಅಂಚಿಗೆ ತಳ್ಳುವುದು. ಮಹಾನಂದಾ ಚಹಾ ಕುಡಿಯುವುದನ್ನು ಬಿಟ್ಟು ತಾಟಿನ ಅಂಚನ್ನೇ ನೋಡಿದಳು.

ಬೋಳಾದ ಕಾಳುಗಳು ಪೂರ್ತಿ ಬೋಳಾಗಿರಲಿಲ್ಲ. ಒಂದೊಂದರ ಚೂಪು ತುದಿಯಲ್ಲೂ ಒಂದು ಚಿಟಿಕೆ ಅರಳೆ ಉಳಿದಿತ್ತು, ಸಣ್ಣ ಮಕ್ಕಳ ಜುಟ್ಟಿನಂತೆ.

ಅವಳು ಟಿಕೀಟು ಬಿಡಿಸಿ ತನ್ನ ಕಾಳನ್ನು ಅಂಗೈಗೆ ಹಾಕಿಕೊಂಡಳು. ಒಂಬತ್ತು ದಿನ ಅದನ್ನು ಹೆದರಿಕೊಂಡು ಮುಚ್ಚಿಟ್ಟಿದ್ದಳೇ ಹೊರತು ಸರಿಯಾಗಿ ನೋಡಿರಲಿಲ್ಲ. ತುದಿಯಲ್ಲಿ ಹಳದಿಗಟ್ಟಿದ ಒಂದು ಪುಟ್ಟ ಜುಟ್ಟು.

“ಅಜ್ಜಿ, ಇದನ್ನೊಂಚೂರು ನೋಡ್ರಿ.”

ರಾಯವ್ವ ಕಾಳನ್ನು ಬೆರಳಲ್ಲಿ ಹೊರಳಿಸಿದಳು. “ಹಳೇದೈತಿ. ಕೈಲೆ ಬಿಡಿಸಿದ್ದು.”

“ಗಿರಣೀದಲ್ಲೇನ್ರಿ?”

“ಗಿರಣ್ಯಾಗ ಹೊಕ್ಕು ಬಂದಿದ್ದು ಹಜಾಮತಿ ಮಾಡಿಧಂಗ ಇರತೈತಿ, ಎಲ್ಲಾ ಒಂದ ಸಮ. ಇದಕ್ಕ ಜುಟ್ಟ ಐತಿ ನೋಡು. ಯಾರೋ ಕುಂತಲ್ಲೆ ಎಳದಾರ. ಎಲ್ಲಿ ಸಿಕ್ತ ನಿನಗ?”

“ಸಿಕ್ತ್ರಿ,” ಎಂದಳು.

ನಿರಾಕರಣೆಯ ಬಟ್ಟಲಿನಲ್ಲಿ ಇರುತ್ತಿದ್ದದ್ದು ಗಿರಣಿಯ ಕಾಳು. ಈ ಕಾಳು ಆ ಬಟ್ಟಲಿನದಲ್ಲ. ಇದು ಒಪ್ಪಿಗೆಯ ಬಟ್ಟಲಿನಿಂದ ಬಂದದ್ದು. ದಾರಿಯಲ್ಲಿ, ಯಾರದೋ ಮುಷ್ಟಿಯಲ್ಲಿ, ಅರಳೆ ಕಳೆದುಕೊಂಡಿತ್ತು.

ಲಕ್ಷ್ಮಣ ಗೌಂಡಿ ಯಾರಿಗೂ ಬೇಡಾಗಿರಲಿಲ್ಲ.

ಬೇವಿನ ನೆರಳಿನಲ್ಲಿ ಕಾರು ನಿಂತಿತು. ಅಧ್ಯಕ್ಷ ಬಸಲಿಂಗಪ್ಪನವರು ಕೋಲೂರಿಕೊಂಡು ಇಳಿದರು. ಎಪ್ಪತ್ತೊಂಬತ್ತು ವರ್ಷ, ಬಿಳಿ ಶಾಲು, ಅರ್ಧ ಜನ್ಮ ಹತ್ತಿ ಕೊಂಡು ಮಾರಿಸುವ ಅಡತಿಯಲ್ಲಿ ಕಳೆದವರು. ಕಟ್ಟಿದ ಗಂಟುಗಳನ್ನು ಕಂಡು ಅವರ ಹೆಜ್ಜೆ ತಡೆಯಿತು.

“ರಾಯವ್ವಾ… ಊಟಾ ಆತೇನ?”

“ಆತ್ರಿ ಧಣ್ಯಾರ.”

ಅವರು ಮುಂದೆ ಹೋಗಲಾರದೆ ನಿಂತರು. ಕೈ ತನ್ನಷ್ಟಕ್ಕೆ ತಾಟಿಗೆ ಇಳಿದು ಒಂದು ಬಿಳಿ ಕಾಳನ್ನು ಎತ್ತಿಕೊಂಡಿತು. ಎರಡು ಹೆಬ್ಬೆರಳುಗಳ ನಡುವೆ ಅರಳೆಯನ್ನು ಹಿಂಜಿ, ಎಳೆದು, ಎಳೆ ಎಷ್ಟುದ್ದ ಎಂದು ಕಣ್ಣಿನ ಹತ್ತಿರ ಹಿಡಿದರು. ಹತ್ತಿ ಅಡತಿಯವರ ಕೈಗಳು ಹಾಗೆಯೇ. ಕಾಳು ಸಿಕ್ಕಿದರೆ ಎಳೆ ನೋಡದೆ ಬಿಡುವುದಿಲ್ಲ.

“ಎಳಿ ಗಿಡ್ಡ ಐತಿ,” ಎಂದರು, ಯಾರಿಗೋ ಎಂಬಂತೆ. ಬೋಳಾದ ಕಾಳನ್ನು ತಾಟಿಗೆ ಹಾಕಿ ನಡೆದರು. ಹಾಕಿದ್ದು ಅವರಿಗೆ ಗೊತ್ತೂ ಆಗಲಿಲ್ಲ.

ಮಹಾನಂದಾ ಆ ಕಾಳನ್ನು ನೋಡಿದಳು. ತುದಿಯಲ್ಲಿ ಜುಟ್ಟು.

ಡೈರಿಯನ್ನು ಹಿಂದಕ್ಕೆ ಮಗುಚಿದಳು. ಹಳೆಯ ನಡಾವಳಿ ಪುಸ್ತಕದಿಂದ ಅವಳೇ ಇಳಿಸಿಕೊಂಡ ಪಟ್ಟಿ, ೧೯೬೮, ಮತ ಹಾಕಿದವರು, ಹಿರಿಯರಿಂದ ಕಿರಿಯರಿಗೆ. ಹದಿನೇಳನೆಯ ಸಾಲು: ‘ಬಸಲಿಂಗಪ್ಪ, ವಯಸ್ಸು ೨೨, ಈ ವರ್ಷ ಸೇರಿದವರು.’ ಹದಿನಾರು ಜನರ ಸರದಿ ಮುಗಿಯುವ ತನಕ ಮುಷ್ಟಿಯಲ್ಲಿ ಕಾಳು ಹಿಡಿದು ಕಾದ ಹುಡುಗ.

ಸಭಾಂಗಣದ ಬೀಗದ ಕೈ ಇದ್ದದ್ದು ಮೂರು ಜನರ ಬಳಿ: ಕಾರ್ಯದರ್ಶಿ, ಕಾವಲುಗಾರ, ಅಧ್ಯಕ್ಷರು. ಪೆಟ್ಟಿಗೆ ಕಾಣೆಯಾದ ಗುರುವಾರ ಮಾಂತೇಶ ಸವದತ್ತಿಗೆ ಹೋಗಿದ್ದ. ಉಳಿದವರು ಇಬ್ಬರು. ಊರೆಲ್ಲ ಒಬ್ಬನ ಹೆಸರು ಹೇಳಿತು, ಇನ್ನೊಬ್ಬರನ್ನು ಯಾರೂ ನೆನೆಯಲೇ ಇಲ್ಲ. ವಾಚನಾಲಯ ತೆರೆಯುವ ದಿನ ಪೆಟ್ಟಿಗೆಯ ಮುದ್ರೆಯನ್ನು ಎಲ್ಲರ ಎದುರು ಒಡೆಯುವುದೆಂದು ಮಾಂತೇಶ ಸಾರಿದ್ದು, ಪೆಟ್ಟಿಗೆ ಕಾಣೆಯಾಗುವ ಹಿಂದಿನ ದಿನವೇ. ಒಡೆದರೆ ಜುಟ್ಟಿದ್ದ ಕಾಳು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

*

ನಾಲ್ಕಕ್ಕೆ ಸಭೆ ಸೇರಿತು. ಮಂಡಳಿಯಲ್ಲಿ ಉಳಿದಿದ್ದ ಸದಸ್ಯರು ಐವರು. ಬಸಲಿಂಗಪ್ಪನವರು ಮೆಟ್ಟಿಲ ಮೇಲಿನ ಕುರ್ಚಿಯಲ್ಲಿ, ಉಳಿದ ಮೂವರು ಮುದುಕರು ಗೋಡೆಗೊರಗಿ, ಮಾಂತೇಶ ನಿಂತುಕೊಂಡು. ಬರೆದುಕೊಳ್ಳಲೆಂದು ಮಹಾನಂದಾಳಿಗೆ ಮೂಲೆಯಲ್ಲಿ ಮರದ ಮೇಜು. ಬೀರಪ್ಪ ಹಿಂಬಾಗಿಲ ಹತ್ತಿರ ನಿಂತಿದ್ದ.

ಮಾಂತೇಶನದು ಬೀಜ ಗೊಬ್ಬರದ ಅಂಗಡಿ. ಕೆಟ್ಟವನಲ್ಲ, ಆದರೆ ಕೈಯಲ್ಲಿ ಕಾಗದವಿದ್ದರೆ ದನಿ ಎರಡು ಪಟ್ಟಾಗುತ್ತಿತ್ತು. “ಬೀರಪ್ಪಾ, ಸೀದಾ ಕೇಳ್ತ್ಯಾನಿ. ಅರಗು ನಿನ್ನ ಸಂಚ್ಯಾಗ ಹೆಂಗ ಬಂತು?”

“ನಾನ ಹಾಕ್ಕೊಂಡ್ನ್ರಿ.”

“ಮುದ್ರಿ ಯಾರ ಒಡದ್ರು?”

“ಹಳೇದಾಗಿತ್ತ್ರಿ. ಒಡೀತು.”

“ತಾನ ಒಡೀತು! ತಾನ ಕಾಲ ಬಂದು ನಡಕೋತ ಹೋತು! ನಿಮ್ಮಪ್ಪನ ಸಿಟ್ಟು ನಿನ್ನ ಹೊಟ್ಯಾಗ ಇತ್ತೋ ಇಲ್ಲೋ, ಅಷ್ಟ ಹೇಳು.”

ಬೀರಪ್ಪ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ಸಿಟ್ಟ ಅಲ್ರಿ ಸಾಹೇಬ್ರ. ಯಾಕ ಬ್ಯಾಡಾದ ಅಂತ ಒಂದ ಮಾತ ಕೇಳೂ ಆಸೆ ಇತ್ತು. ಯಾರನ್ನ ಕೇಳಬೇಕೋ ಗೊತ್ತಾಗಲಿಲ್ಲ.”

ಕುರ್ಚಿಯಲ್ಲಿ ಬಸಲಿಂಗಪ್ಪನವರು ಏನೋ ಹೇಳಲು ಬಾಯಿ ತೆರೆದರು. ಕೆಮ್ಮು ಬಂತು. ಶಾಲಿನ ಅಂಚಿನಿಂದ ಬಾಯಿ ಒರೆಸಿಕೊಳ್ಳುವಾಗ ಅದರ ಮಡಿಕೆಯಿಂದ ಅರಗಿನ ಒಂದು ಕೆಂಪು ಚೂರು ಬಿಳಿ ಫರ್ಸಿಯ ಮೇಲೆ ಬಿತ್ತು. ಮೂಲೆಯಲ್ಲಿ ಕೂತವಳಿಗೆ ಮಾತ್ರ ಅದು ಕಂಡಿತು.

“ಅಧ್ಯಕ್ಷರ, ನೀವರ ಹೇಳ್ರಿ,” ಎಂದ ಮಾಂತೇಶ.

“ನಾ ಏನ್ ಹೇಳಲಿ,” ಎಂದರು ಬಸಲಿಂಗಪ್ಪನವರು. “ಪದ್ಧತಿ ಪ್ರಕಾರ ಆಗಲಿ.”

ಆ ಮಾತು ಹೇಗೆ ಹುಟ್ಟುತ್ತದೆಂದು ಮಹಾನಂದಾಳಿಗೆ ಗೊತ್ತಿತ್ತು. ಗಂಟಲವರೆಗೆ ಬಂದ ನಿಜ ಅಲ್ಲಿಯೇ ಕೂತು, ಅದರ ಬದಲು ಇಂಥದ್ದೊಂದು ಹೊರಗೆ ಬರುತ್ತದೆ. ಇಪ್ಪತ್ತೆರಡರ ಹುಡುಗ, ಹದಿನಾರು ಹಿರಿಯರ ಎದುರು, ಮುಷ್ಟಿ ತೆರೆದಾಗ ಅಂಗೈಯಲ್ಲಿ ಉಳಿದಿದ್ದ ಅರಳೆ. ನಾಳೆ ಹೇಳೋಣ ಎಂದುಕೊಂಡಿರಬೇಕು. ಆ ನಾಳೆ ಐವತ್ತೇಳು ವರ್ಷವಾಗಿತ್ತು. ತನ್ನದಿನ್ನೂ ಒಂಬತ್ತು ದಿನ.

ಮಾಂತೇಶ ಪರದೆಯ ಹಿಂದೆ ಎರಡು ಬಟ್ಟಲಿಟ್ಟ. ಪೆಟ್ಟಿಗೆಯ ಬದಲು ಒಂದು ಮಣ್ಣಿನ ಗಡಿಗೆ. “ಬೀರಪ್ಪ ಇರಬೇಕು ಅನ್ನಾವ್ರು ಅರಳಿ ಇದ್ದ ಕಾಳ ಹಾಕ್ರಿ. ಬ್ಯಾಡ ಅನ್ನಾವ್ರು ಬೋಳಂದು. ಒಂದ ಬೋಳ ಬಿದ್ರೂ ಅಂವ ಸಂಜಿಗೆ ಹಿತ್ತಲ ಕ್ವಾಲಿ ಬಿಡಬೇಕು.”

ಹಿರಿಯರಾದ ಬಸಲಿಂಗಪ್ಪನವರು ಮೊದಲು ಎದ್ದು ಹೋದರು. ಮುಷ್ಟಿ ಮುಚ್ಚಿ ಬಂದು ಕುರ್ಚಿಯಲ್ಲಿ ಕೂತರು. ಮಿಕ್ಕವರು ಕೋಲು ಹುಡುಕಿ, ಮೊಣಕಾಲು ಹಿಡಿದುಕೊಂಡು, ಒಬ್ಬೊಬ್ಬರಾಗಿ ಪರದೆಯತ್ತ ಹೊರಟರು. ಹೊತ್ತು ಹಿಡಿಯಿತು.

ಮಹಾನಂದಾ ಬಸಲಿಂಗಪ್ಪನವರ ಕೈಗಳನ್ನೇ ನೋಡುತ್ತಿದ್ದಳು. ಮುಷ್ಟಿ ಸಡಿಲಾಯಿತು. ಬೆರಳುಗಳ ನಡುವೆ ಬೆಳ್ಳಗಿನ ಕಾಳು. ಬಿಳಿಯದನ್ನೇ ತಂದಿದ್ದರು. ಬೀರಪ್ಪ ಇರಲಿ ಎಂದೇ ತಂದಿದ್ದರು.

ಅವರ ಕಣ್ಣು ಹಿಂಬಾಗಿಲಲ್ಲಿ ನಿಂತ ಬೀರಪ್ಪನ ಮೇಲಿತ್ತು. ಮನಸ್ಸು ಎಲ್ಲಿತ್ತೋ. ಹೆಬ್ಬೆರಳುಗಳು ಒಂದರ ಮೇಲೊಂದು ಬಂದವು. ಹಿಂಜಿದವು. ಎಳೆದವು.

ಒಂದು ಎಸಳು ಅರಳೆ ಅವರ ಮಡಿಲಿಗೆ ಬಿತ್ತು.

ಮಾಂತೇಶ ಗಡಿಗೆ ಎತ್ತಿಕೊಂಡು ಮೊದಲ ಮೆಟ್ಟಿಲು ಹತ್ತಿದ. ಇನ್ನೊಂದು ಎಸಳು ಬಿತ್ತು.

ಈ ಸಭಾಂಗಣದಲ್ಲಿ ಸದಸ್ಯರಲ್ಲದವರು ಮಾತು ಬೇಡಬೇಕಾದರೆ ಮರವನ್ನು ಮೂರು ಸಲ ತಟ್ಟಬೇಕು. ಆ ಪದ್ಧತಿಯನ್ನು ಅವಳೇ ಅಂದವಾದ ಅಕ್ಷರದಲ್ಲಿ ಬರೆದಿಟ್ಟಿದ್ದಳು. ತಾನು ತಟ್ಟುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಕೈ ಮೇಲೆದ್ದಾಗ ಅದು ಬೇರೆ ಯಾರದೋ ಕೈ ಅನ್ನಿಸಿತು.

ಒಂದು. ಎರಡು. ಮೂರು.

ನೀಲಿ ಚಾವಣಿಯವರೆಗೆ ಸದ್ದು ಹೋಗಿ ಮರಳಿತು. ಗಡಿಗೆ ಮೂರನೆಯ ಮೆಟ್ಟಿಲಲ್ಲಿ ನಿಂತಿತು. ಬೀರಪ್ಪ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಬಸಲಿಂಗಪ್ಪನವರು ಬೆಚ್ಚಿ ತಮ್ಮ ಮಡಿಲು ನೋಡಿಕೊಂಡರು, ಆಮೇಲೆ ಅವಳನ್ನು ನೋಡಿದರು. ಆ ಮುದಿಗಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಯಾರಾದರೂ ಬಂದು ಕೇಳಲಿ ಎಂದು ಕಾದಿದ್ದವನ ನೋಟ ಅದು.

“ಏನವ್ವಾ?” ಎಂದ ಮಾಂತೇಶ. “ನೀ ಏನ್ ಹೇಳಾಕಿ?”

ಅವಳು ಕರಿ ಬಿಳಿ ಫರ್ಸಿಯ ನಡುವಿಗೆ ನಡೆದು ಬಂದಳು. ಟಿಕೀಟು ಬಿಡಿಸಿ ಅಂಗೈ ಮುಂದೆ ಚಾಚಿದಳು. ಜುಟ್ಟಿದ್ದ ಕಾಳು ಎಲ್ಲರಿಗೂ ಕಾಣುವಂತೆ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

“ಪೆಟ್ಟಿಗಿ ಮುದ್ರಿ ಒಡದಾಕಿ ನಾನ್ರಿ. ಬೀರಪ್ಪಜ್ಜ ಅಲ್ಲ. ಹೇಳಾಕ ಅಂಜಿದ್ನಿ.”